ನಲ್ಲಿಯ ಪಕ್ಕದ ಕೆಂಪು ಚುಕ್ಕೆ

ಕಡ್ಡಿರಾಂಪುರದಲ್ಲಿ ರಸ್ತೆಗೆ ಹತ್ತಿದ ನಮ್ಮ ಜಾಗದಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ಕಟ್ಟಿಸಿದಾಗ ಬಚ್ಚಲಿನ ನಲ್ಲಿಗಳನ್ನು ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ಸಂಡೂರಿನಲ್ಲಿ, ಗಣಿ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಸಿಮೆಂಟು, ಕಂಬಿ, ಇಟ್ಟಿಗೆ ಅವರ ಪಾಲಿಗೆ. ಟೈಲ್ಸು, ಪರದೆ, ದೀಪ, ನಲ್ಲಿ ನನ್ನ ಪಾಲಿಗೆ.

ಹೊಸಪೇಟೆಯ ಸ್ಯಾನಿಟರಿ ಅಂಗಡಿಯವನು ಮೊದಲು ತೋರಿಸಿದ್ದು ಎಲ್ಲರ ಮನೆಯಲ್ಲಿರುವಂಥದ್ದು. ಬಿಸಿನೀರಿಗೊಂದು, ತಣ್ಣೀರಿಗೊಂದು ತಿರುಪು, ಒಂದರ ತಲೆ ಕೆಂಪು, ಇನ್ನೊಂದರದು ನೀಲಿ. ನಾನು ಮುಖ ಸಿಂಡರಿಸಿದ್ದನ್ನು ನೋಡಿ ಆತ ಒಳಗಿನಿಂದ ಇನ್ನೊಂದು ಡಬ್ಬಿ ತಂದು ಬಿಚ್ಚಿದ. ಅದರಲ್ಲಿ ಮಿರುಗದ ಕಪ್ಪು ಬಣ್ಣದ, ತಟ್ಟೆಯಂಥ ಒಂದು ಗುಂಡು ಬಿಲ್ಲೆ. ನಡುವೆ ಬೆರಳುದ್ದದ ಒಂದೇ ಹಿಡಿ. ಮೇಲೆ ಅಕ್ಷರವಿಲ್ಲ, ಗುರುತಿಲ್ಲ.

“ದೊಡ್ಡ ದೊಡ್ಡ ರೆಸಾರ್ಟಿನಾಗ ಇದನ್ನೇ ಹಾಕಸ್ತಾರ್ರಿ ಅಕ್ಕಾರ. ಫೋಟೋದಾಗ ಮಸ್ತ್ ಕಾಣತೈತಿ,” ಎಂದ.

ನೀರಿನ ಕಲೆ ಕೂರುತ್ತದೆಯೇ ಎಂದು ಕೇಳಿದೆ. ಬಿಸಿ ಯಾವ ಕಡೆ, ತಣ್ಣೀರು ಯಾವ ಕಡೆ ಎಂದು ಹೊಸಬರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಲಿಲ್ಲ. ನಾಲ್ಕು ತಂದೆ.

ಹಿಡಿಯನ್ನು ಮೇಲೆತ್ತಿದರೆ ತಲೆಯ ಮೇಲಿನ ಶವರಿನಿಂದ ನೀರು ಸುರಿಯುತ್ತಿತ್ತು. ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಿರುಗಿಸಿದರೆ ತಣ್ಣೀರು. ಹಿಡಿಯ ಅಡಿಯಲ್ಲಿ, ತಲೆ ಬಗ್ಗಿಸಿ ನೋಡಿದರೆ ಮಾತ್ರ ಕಾಣುವಂತೆ, ಸಾಸಿವೆ ಕಾಳಿನಷ್ಟು ಕೆಂಪು ಮತ್ತು ನೀಲಿ ಗುರುತು ಇತ್ತಂತೆ. ಅದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. ಅಷ್ಟು ಸಾಲದೆಂಬಂತೆ ಎರಡನೇ ಮತ್ತು ನಾಲ್ಕನೇ ಕೋಣೆಯಲ್ಲಿ ಪ್ಲಂಬರ್ ಪೈಪುಗಳನ್ನು ಅದಲುಬದಲು ಕೂಡಿಸಿಬಿಟ್ಟಿದ್ದ. ಅಲ್ಲಿ ಎಡಕ್ಕೆ ತಣ್ಣೀರು, ಬಲಕ್ಕೆ ಬಿಸಿ. ಸರಿಮಾಡಬೇಕಾದರೆ ಟೈಲ್ಸ್ ಒಡೆಯಬೇಕು ಎಂದ.

“ಇರ್ಲಿ ಬಿಡಪ್ಪ, ರೂಢಿ ಆಗತೈತಿ,” ಎಂದೆ ನಾನು. ಒಂದು ದಿನ ಇದ್ದು ಹೋಗುವವರಿಗೆ ಯಾವಾಗ ರೂಢಿಯಾಗಬೇಕು ಎಂಬುದು ಹೊಳೆಯಲಿಲ್ಲ.

ಮಾಳಿಗೆಯ ಮೇಲೆ ಸೋಲಾರ್ ಟ್ಯಾಂಕು. ನಮ್ಮ ಕಡೆಯ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಅದರ ನೀರು ಚಹಾಕ್ಕೆ ಕಾಯಿಸಿದಂತೆ ಇರುತ್ತದೆ. ಮೊದಲ ವಾರವೇ ನಾಲ್ಕನೇ ಕೋಣೆಯ ಬಚ್ಚಲು ತೊಳೆಯಲು ಹೋಗಿ ನಾನು ಮುಂಗೈ ಸುಟ್ಟುಕೊಂಡಿದ್ದೆ. ಅಡುಗೆಮನೆಗೆ ಬಂದು ಕೈಗೆ ಬೆಣ್ಣೆ ಸವರಿಕೊಳ್ಳುತ್ತ ನನ್ನ ಮಂಕುತನಕ್ಕೆ ನಾನೇ ನಕ್ಕಿದ್ದೆ.

ಹೋಂಸ್ಟೇ ಶುರುವಾದಾಗ ಕೆಲಸಕ್ಕೆ ಬಂದವಳು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಬುಕ್ಕಸಾಗರದಾಕೆ, ಭತ್ತದ ನಾಟಿ, ಕಳೆ ಎಂದು ಹೊಲದಲ್ಲೇ ಬೆಳೆದವಳು. ಒಬ್ಬಳೇ ಮಗಳನ್ನು ಕಂಪ್ಲಿಗೆ ಕೊಟ್ಟ ಮೇಲೆ ನಮ್ಮೂರಿನಲ್ಲಿದ್ದ ತಮ್ಮನ ಮನೆಗೆ ಬಂದಿದ್ದಳು. ನನಗಿಂತ ಹಿರಿಯಳಾದ್ದರಿಂದ ನಾನು ಯಕ್ಕ ಎನ್ನುತ್ತಿದ್ದೆ. ಆಕೆ ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಸಹಿ ಹಾಕುವಷ್ಟು ಅಕ್ಷರ ಬಲ್ಲವಳು. ಆದರೆ ಯಾವ ವಸ್ತು ಕೈಗೆ ಹೇಗೆ ಸಿಗಬೇಕು ಎಂಬುದು ಆಕೆಗೆ ತಿಳಿದಷ್ಟು ನನಗೆ ತಿಳಿಯುತ್ತಿರಲಿಲ್ಲ. ನಾಲ್ಕು ಕೋಣೆಯ ಕೀಲಿಗಳೂ ಒಂದೇ ತರ ಇದ್ದವು. ಕರೆಂಟು ಹೋದಾಗ ನಾನು ಒಂದೊಂದನ್ನೇ ಹಾಕಿ ನೋಡಿ ಬೇಸತ್ತು ಹೋಗುತ್ತಿದ್ದೆ. ಯಕ್ಕ ಒಂದು ದಿನ ಒಂದಕ್ಕೆ ಕವಡೆ, ಒಂದಕ್ಕೆ ಗುಂಡಿ, ಒಂದಕ್ಕೆ ಗೆಜ್ಜೆ ಕಟ್ಟಿದಳು. ನಾಲ್ಕನೆಯದಕ್ಕೆ ಬರೀ ಗಂಟು. ಅಂದಿನಿಂದ ಕತ್ತಲಲ್ಲೂ ಬೆರಳಿಗೆ ಕೀಲಿ ತಿಳಿಯುತ್ತಿತ್ತು.

ನಲ್ಲಿಗಳ ಮುಂದೆಯೂ ಆಕೆ ಬಂದ ವಾರದಲ್ಲೇ ನಿಂತಳು.

“ಇದು ಯಾವ ಕಡಿ ತಿರುವಿದ್ರ ಏನು ಬರತೈತಂತ ಗೊತ್ತಾಗಂಗಿಲ್ಲಲ್ರಿ ಅಕ್ಕಾರ. ಬಂದ ಮಂದಿ ಸುಟ್ಟುಕೊಂಡ್ರ?”

“ನೋಡಿಕೊಂಡು ತಿರುವ್ತಾರ ಬಿಡು ಯಕ್ಕಾ. ಓದಿದ ಮಂದಿ ಬರೋದು.”

ಯಕ್ಕ ಮಾತು ಬೆಳೆಸಲಿಲ್ಲ. ಮರುದಿನ ಮಗಳ ಉಗುರುಬಣ್ಣದ ಒಂದು ಶೀಶೆ ತಂದಳು. ನಾಲ್ಕೂ ಕೋಣೆಗೆ ಹೋಗಿ, ಪ್ರತಿ ನಲ್ಲಿಯನ್ನೂ ತಿರುಗಿಸಿ ಕೈ ಒಡ್ಡಿ ನೋಡಿ, ಬಿಸಿ ಬರುವ ಕಡೆಗೆ ಬಿಲ್ಲೆಯ ಪಕ್ಕದ ಬಿಳಿ ಟೈಲ್ಸಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆ ಇಟ್ಟಳು. ಎರಡನೇ ಮತ್ತು ನಾಲ್ಕನೇ ಕೋಣೆಯಲ್ಲಿ ಚುಕ್ಕೆ ಬಲಗಡೆ ಬಂತು. ಅತಿಥಿಗಳು ಬಂದಾಗ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಚುಕ್ಕೆ ತೋರಿಸಿ, ಕೈ ಝಾಡಿಸಿ, ಬಾಯಲ್ಲಿ ಉಫ್ ಎಂದು ಊದಿಕೊಂಡು ತೋರಿಸುತ್ತಿದ್ದಳು. ಭಾಷೆ ಬಾರದವರಿಗೂ ಅದು ತಿಳಿಯುತ್ತಿತ್ತು. ಸುಮಾರು ಒಂದೂವರೆ ವರ್ಷ ನಮ್ಮಲ್ಲಿ ಯಾರೂ ಸುಟ್ಟುಕೊಳ್ಳಲಿಲ್ಲ.

ನನಗೆ ಅದು ನಾಚಿಕೆ ಎನಿಸುತ್ತಿತ್ತು. ದೂರದಿಂದ ಬಂದವರೆದುರು ಈಕೆ ಬಚ್ಚಲಲ್ಲಿ ನಿಂತು ಕುಣಿದಂತೆ ಮಾಡುವುದು, ಅವರು ಒಬ್ಬರ ಮುಖ ಒಬ್ಬರು ನೋಡಿ ನಗುವುದು ನನಗೆ ಹಿಡಿಸುತ್ತಿರಲಿಲ್ಲ. ಅಷ್ಟರಲ್ಲಿ ನಾವು ಕೋಣೆ ಕಾದಿರಿಸುವ ಒಂದು ಆ್ಯಪಿಗೆ ಸೇರಿದೆವು. ಅದಕ್ಕೆ ಫೋಟೋ ಬೇಕಾಗಿತ್ತು. ತೆಗೆಯಲು ಬಂದವನು ಬಚ್ಚಲಿಗೆ ಕ್ಯಾಮೆರಾ ಹಿಡಿದು, “ಮೇಡಂ, ಈ ಕೆಂಪು ಕಲಿ ಎಲೆ ಅಡಿಕೆ ಉಗುಳಿದಂಗ ಕಾಣತೈತ್ರಿ,” ಎಂದ. ನನ್ನ ಕಣ್ಣಿಗೆ ಅದು ಹಾಗೆ ಕಾಣುತ್ತಿರಲಿಲ್ಲ. ಆದರೂ ನಾನು ಥಿನ್ನರ್ ತಂದು ಬಟ್ಟೆಗೆ ಹಾಕಿ ನಾಲ್ಕೂ ಚುಕ್ಕೆ ಒರೆಸಿದೆ.

ಯಕ್ಕ ಮಧ್ಯಾಹ್ನ ಅದನ್ನು ಕಂಡಳು.

“ಒರಸೀರೇನ್ರಿ?”

“ಚಂದ ಕಾಣಂಗಿಲ್ಲ ಯಕ್ಕಾ. ಬೋರ್ಡ್ ಮಾಡಸ್ತೀನಿ, ಓದಿಕೊಳ್ತಾರ. ಇನ್ನ ಮ್ಯಾಲ ನೀ ಬಚ್ಚಲಕ್ಕ ಹೋಗಿ ಹೇಳಾಕ ಹೋಗಬ್ಯಾಡ.”

“ಹೂಂ,” ಎಂದು ಬಕೆಟ್ಟು ಎತ್ತಿಕೊಂಡು ಹೋದಳು. ಆ ದಿನದಿಂದ ಹೇಳುವುದನ್ನು ನಿಲ್ಲಿಸಿದಳು. ನಾನು ಹೇಳಿದ ಮಾತನ್ನು ಆಕೆ ಮೀರಿದ್ದು ನನಗೆ ನೆನಪಿಲ್ಲ.

ಬೋರ್ಡ್ ಮಾಡಿಸಿದೆ. ಹೊಸಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಹೊದಿಸಿದ ಹಾಳೆ, ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಹಿಡಿ ಮೇಲೆತ್ತಿ, ಎಡಕ್ಕೆ ಬಿಸಿನೀರು, ಬಲಕ್ಕೆ ತಣ್ಣೀರು ಎಂದು ಆರು ಸಾಲು. ಅಂಗಡಿಯವನು ಒಂದೇ ಹಾಳೆಯ ನಾಲ್ಕು ಪ್ರತಿ ಕೊಟ್ಟ. ಎರಡು ಮತ್ತು ನಾಲ್ಕನೇ ಕೋಣೆಗೆ ತಿದ್ದಿಸಬೇಕು ಎಂಬುದು ಅಲ್ಲೇ ನೆನಪಾಯಿತು. ಹೊರಗೆ ಸ್ಕೂಟರ್ ಅಡ್ಡ ನಿಲ್ಲಿಸಿದ್ದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಮನೆಗೆ ಹೋಗಿ ಪೆನ್ನಿನಲ್ಲಿ ತಿದ್ದಿದರಾಯಿತು ಎಂದುಕೊಂಡೆ. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಮೂಡಲಿಲ್ಲ. ಚೀಟಿ ಅಂಟಿಸಿದರಾಯಿತು ಎಂದುಕೊಂಡು ನಾಲ್ಕನ್ನೂ ಬಾಗಿಲ ಹಿಂದೆ ತೂಗುಹಾಕಿದೆ. ಚೀಟಿ ಅಂಟಿಸಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಬಲಿತಿದ್ದ ಒಂದು ದಿನ ಗದಗಿನಿಂದ ಇಬ್ಬರು ಅಕ್ಕತಂಗಿಯರು ಬಂದರು. ಇಬ್ಬರೂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅಕ್ಕನಿಗೆ ಅರವತ್ತೈದು ಇದ್ದೀತು, ಸಣ್ಣ ದನಿ, ದಪ್ಪ ಕನ್ನಡಕ. ತಂಗಿ ಚುರುಕು, ಫೋನಿನಲ್ಲಿ ಎಲ್ಲ ಏರ್ಪಾಡು ಆಕೆಯದೇ. ಅವರಿಗೆ ನಾಲ್ಕನೇ ಕೋಣೆ ಕೊಟ್ಟೆ. ಬೆಳಿಗ್ಗೆ ಹಂಪಿಗೆ ಹೋದವರು ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿಲಲ್ಲಿ ಬೆಂದು ಬಂದರು. ನಾನು ಆಗ ಮನೆಯಲ್ಲಿರಲಿಲ್ಲ. ತರಕಾರಿಗೆಂದು ಹೊಸಪೇಟೆ ಮಾರ್ಕೆಟ್ಟಿಗೆ ಹೋಗಿದ್ದೆ.

ಬದನೆಕಾಯಿ ಆರಿಸುತ್ತಿದ್ದಾಗ ಯಕ್ಕನ ಫೋನು ಬಂತು. “ಅಕ್ಕಾರ, ಆ ದೊಡ್ಡಮ್ಮಾರು ಸುಟ್ಟುಕೊಂಡಾರ್ರಿ. ಆಟೋದಾಗ ಕರಕೊಂಡು ದವಾಖಾನಿಗೆ ಬರಾಕ ಹತ್ತೀವಿ. ನೀವು ಅಲ್ಲಿಗೇ ಬರ್ರಿ,” ಎಂದಳು. ಚೀಲ ಅಂಗಡಿಯಲ್ಲೇ ಬಿಟ್ಟು ಹೋದೆ.

ಆಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಮಲಗಿಸಿದ್ದರು. ಎಡ ಭುಜ, ತೋಳು, ಬೆನ್ನಿನ ಮೇಲುಭಾಗ ಬೆಂದಿದ್ದವು. ಜೀವಕ್ಕೇನೂ ಇಲ್ಲ, ಕಲೆ ಉಳಿಯಬಹುದು ಎಂದರು ಡಾಕ್ಟರು. ಯಕ್ಕ ಒದ್ದೆ ಸೀರೆಯಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ತಂಗಿ ನನ್ನನ್ನು ಕಂಡೊಡನೆ ಎದ್ದು ಬಂದರು.

“ಏನ್ರಿ ಇದು? ಮನಿಗೆ ಬಂದವರಿಗೆ ಒಂದು ಮಾತು ಹೇಳಬಾರದೇನ್ರಿ, ಇಲ್ಲಿ ನೀರು ಹಿಂಗ ಬರತೈತಿ ಅಂತ? ಯಾರೂ ಹೇಳಲಿಲ್ಲ ನಮಗ.”

ನಾನು ಕ್ಷಮಿಸಿ ಎಂದೆ. ಮತ್ತೆ ಮತ್ತೆ ಅದನ್ನೇ ಹೇಳಿದೆ. ಯಕ್ಕನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ, ಒದ್ದೆ ಬಟ್ಟೆಯಲ್ಲಿದ್ದೀಯ, ಬಸ್ಸಿಗೆ ಮನೆಗೆ ಹೋಗು ಎಂದು ಕಳಿಸಿಬಿಟ್ಟೆ.

ಆಕೆ ಹೋಗಿ ಅರ್ಧ ಗಂಟೆಯಾಗಿರಬೇಕು, ನನ್ನ ಫೋನಿಗೆ ಆ್ಯಪಿನಿಂದ ಸೂಚನೆ ಬಂತು. ತಂಗಿ ಆಸ್ಪತ್ರೆಯಿಂದಲೇ ದೂರು ಬರೆದಿದ್ದರು. ನಾಳೆಯೊಳಗೆ ಉತ್ತರಿಸದಿದ್ದರೆ ನಿಮ್ಮ ಪುಟವನ್ನು ಮರೆಮಾಡಲಾಗುವುದು ಎಂದಿತ್ತು. ಯುಗಾದಿ ರಜೆಗೆ ನಾಲ್ಕೂ ಕೋಣೆ ಆ ಪುಟದಿಂದಲೇ ತುಂಬಿದ್ದವು. ಕಾರಿಡಾರಿನ ಬೆಂಚಿನ ಮೇಲೆ ಕೂತು ತೆರೆದೆ.

ಮೊದಲ ಪ್ರಶ್ನೆ: ಘಟನೆಗೆ ಕಾರಣವೇನು? ಮೂರು ಉತ್ತರಗಳಿದ್ದವು. ಸಿಬ್ಬಂದಿಯ ಅಜಾಗರೂಕತೆ, ಅತಿಥಿಯ ತಪ್ಪು, ಸಲಕರಣೆಯ ದೋಷ. ಮೊದಲನೆಯದಕ್ಕೆ ಆ್ಯಪಿನವರೇ ಗುರುತು ಹಾಕಿ ಇಟ್ಟಿದ್ದರು. ಮಾಲೀಕರ ತಪ್ಪು ಎಂಬ ಉತ್ತರ ಇರಲಿಲ್ಲ. ಮೂರನೆಯದನ್ನು ಮುಟ್ಟಿದೆ. ಪರಿಶೀಲನೆ ಮುಗಿಯುವವರೆಗೆ ಕಾದಿರಿಸುವಿಕೆ ನಿಲ್ಲುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬಂತು. ಬೆರಳನ್ನು ಹಿಂದೆ ತೆಗೆದುಕೊಂಡೆ. ಗುರುತು ತಾನಾಗಿ ಮೊದಲನೆಯದಕ್ಕೆ ಹೋಗಿ ಕೂತಿತು.

ಅದರ ಕೆಳಗೆ ಅವರೇ ಬರೆದಿಟ್ಟ ಉತ್ತರ: ‘ಬಳಕೆಯ ವಿಧಾನವನ್ನು ಅತಿಥಿಗಳಿಗೆ ವಿವರಿಸದೆ ನಮ್ಮ ಸಿಬ್ಬಂದಿ ಅಜಾಗರೂಕತೆ ತೋರಿದ್ದಾರೆ. ಅವರನ್ನು ಕೆಲಸದಿಂದ ತೆಗೆಯಲಾಗಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’ ಇಂಗ್ಲಿಷಿನಲ್ಲಿತ್ತು. ತಿದ್ದಲು ಒಂದು ಪೆನ್ಸಿಲ್ಲಿನ ಗುರುತೂ ಇತ್ತು, ಇರಲಿಲ್ಲ ಎನ್ನಲಾರೆ. ಕೆಳಗೆ ಅಗಲವಾದ ಹಸಿರು ಗುಂಡಿ. ನಾನು ಎರಡು ಸಲ ಓದಿದೆ. ವಿವರಿಸಬೇಡ ಎಂದು ಆಕೆಗೆ ಹೇಳಿದವಳು ನಾನೇ ಎಂಬುದು ಎರಡು ಸಲವೂ ನೆನಪಾಯಿತು. ನಮ್ಮಲ್ಲಿರುವ ಸಿಬ್ಬಂದಿ ಯಕ್ಕ ಒಬ್ಬಳೇ ಎಂಬುದೂ ನೆನಪಾಯಿತು. ಹಸಿರು ಗುಂಡಿ ಒತ್ತಿದೆ.

ದೊಡ್ಡ ಟಿಕ್ ಬಂತು. ಸಮಸ್ಯೆ ಬಗೆಹರಿದಿದೆ, ಧನ್ಯವಾದ ಎಂದಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಹಗುರವನ್ನು ನೆನೆಸಿಕೊಂಡಾಗಲೆಲ್ಲ ಈಗ ಮೈ ಉರಿಯುತ್ತದೆ.

ಅಕ್ಕತಂಗಿಯರು ಡ್ರೆಸಿಂಗಿಗಾಗಿ ಇನ್ನೆರಡು ದಿನ ನಮ್ಮಲ್ಲೇ ಉಳಿದರು. ಯಕ್ಕ ಅವರಿಗೆ ಗಂಜಿ ಮಾಡಿಕೊಟ್ಟಳು, ಅಕ್ಕನ ತಲೆ ಬಾಚಿದಳು. ಹೊರಡುವ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಕೋಣೆಗೆ ಕರೆದು ಕೂರಿಸಿಕೊಂಡರು.

“ನಿಮ್ಮ ಕೆಲಸದಾಕಿ ಇರಲಿಲ್ಲಂದ್ರ ನಾ ಇನ್ನೂ ಬೇಯ್ತಿದ್ದೆರಿ,” ಎಂದರು. “ಮೈತುಂಬ ಸಾಬೂನು, ಕನ್ನಡಕ ಇಲ್ಲ, ಬಚ್ಚಲ ತುಂಬ ಹಬಿ. ನೀರು ಬಿಸಿ ಬಂತಂತ ಬಲಕ್ಕ ತಿರುವಿದೆ. ಇನ್ನೂ ಬಿಸಿ ಬಂತು. ಮತ್ತೂ ಬಲಕ್ಕ ತಿರುವಿದೆ.”

“ಬಲಕ್ಕ ಯಾಕ್ರಿ?” ಎಂದೆ. ಉತ್ತರ ಗೊತ್ತಿದ್ದರೂ ಕೇಳಿದೆ.

“ಕನ್ನಡಕ ತಗಿಯೋ ಮುಂಚೆ ಬೋರ್ಡ್ ಓದಿದ್ದೆನಲ್ಲ. ಬಲಕ್ಕ ತಣ್ಣೀರು ಅಂತ ಬರದಿತ್ತು. ಮಾಸ್ತರಿಕಿ ಮಾಡಿದವರು ನಾವು, ಬರದಿದ್ದನ್ನ ನಂಬತೀವಿ.” ಅವರು ಕುಹಕದಿಂದ ಹೇಳಲಿಲ್ಲ. ತಮ್ಮ ಸ್ವಭಾವವನ್ನೇ ಸ್ವಲ್ಪ ಬೈದುಕೊಂಡಂತೆ ಹೇಳಿದರು. “ಒಳಗಿಂದ ಚಿಲಕ ಹಾಕಿದ್ದೆ. ಹೆದರಿಕಿಗೆ ಕಾಲು ಏಳವಲ್ವು. ನಾ ಚೀರಿದ್ದು ಕೇಳಿ ಬಂದಾಕಿ ಬಾಗಲಾ ಬಡೀಲಿಲ್ಲರಿ. ಸೀದಾ ಮಾಳಿಗಿಗೆ ಓಡಿ ಸೋಲಾರಿನ ವಾಲ್ವ್ ಬಂದ್ ಮಾಡಿದಳು. ನೀರು ನಿಂತ ಮ್ಯಾಲ ನಾ ಚಿಲಕ ತಗದೆ. ಬಂದು ಕೊಡದಾಗಿನ ನೀರು ಹಾಕ್ಕೋತ ಕುಂತಳು, ಆಟೋ ಬರೋತನಕ.”

ಯಕ್ಕ ಇದನ್ನು ನನಗೆ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಅವರ ಬಸ್ಸು ಹೋದ ಮೇಲೆ ಮೊದಲು ಬೋರ್ಡುಗಳನ್ನು ಕಿತ್ತು ಹಾಕಿದೆ. ಆ್ಯಪು ತೆರೆದು ನನ್ನ ಉತ್ತರವನ್ನು ತಿದ್ದಲು ಹೋದೆ. ಪೆನ್ಸಿಲ್ಲಿನ ಗುರುತು ಇರಲಿಲ್ಲ. ಬಗೆಹರಿದ ದೂರಿನ ಉತ್ತರವನ್ನು ಬದಲಿಸಲು ಬರುವುದಿಲ್ಲ ಎಂದಿತ್ತು. ಸಹಾಯದ ನಂಬರಿಗೆ ಫೋನ್ ಮಾಡಿದೆ. ಇದಕ್ಕಾದರೆ ಒಂದು ಒತ್ತಿ, ಅದಕ್ಕಾದರೆ ಎರಡು ಒತ್ತಿ ಎಂದು ಹೇಳುತ್ತ ಹೋದ ದನಿ ಕೊನೆಗೆ ಸಂದೇಶ ಕಳಿಸಿ ಎಂದಿತು. ಸಂದೇಶ ಕಳಿಸಿದೆ. ನಿಮ್ಮ ದೂರು ಬಗೆಹರಿದಿದೆ ಎಂಬ ಉತ್ತರ ಆ ಕ್ಷಣವೇ ಬಂತು. ಯಾವ ದಾರಿಯಲ್ಲಿ ಹೋದರೂ ಮನುಷ್ಯರು ಸಿಗಲಿಲ್ಲ. ಅಲ್ಲಿಗೆ ಬಿಟ್ಟೆ. ಇಂಗ್ಲಿಷಿನಲ್ಲಿರುವುದನ್ನು ಯಕ್ಕ ಎಲ್ಲಿ ಓದುತ್ತಾಳೆ ಎಂದು ಸಮಾಧಾನ ಹೇಳಿಕೊಂಡೆ.

ನಲ್ಲಿಗಳನ್ನು ಮಾತ್ರ ಬದಲಿಸಿದೆ. ಪ್ಲಂಬರನನ್ನು ಕರೆಸಿ ಗೋಡೆ ಒಡೆಸಿ, ಎರಡು ತಿರುಪಿನ ಹಳೆಯ ಬಗೆಯ ನಲ್ಲಿಗಳನ್ನೇ ಹಾಕಿಸಿದೆ. ಮನೆಯೆಲ್ಲ ಧೂಳು. ಯಕ್ಕ ದಿನಾ ಅದನ್ನು ಗುಡಿಸಿದಳು. “ಚೊಲೊ ಆತು ಬಿಡ್ರಿ,” ಎಂದಷ್ಟೇ ಹೇಳಿದಳು. ನನಗೆ ಎಲ್ಲ ಸರಿಹೋಯಿತು ಎನಿಸಿತು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಯಕ್ಕ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕಾರ, ಒಂದು ಮಾತು ಕೇಳಲಿ?”

“ಕೇಳು ಯಕ್ಕಾ.”

“ನನ್ನ ಕೆಲಸದಿಂದ ತಗದೀರಂತ. ಮತ್ತ ನಾ ದಿನಾ ಯಾಕ ಬರಾಕ ಹತ್ತೀನಿ?”

ಒಗ್ಗರಣೆ ಸೀಯುವ ವಾಸನೆ ಬಂದ ಮೇಲೆ ನಾನು ಒಲೆ ಆರಿಸಿದೆ. ಯಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಕಂಪ್ಲಿಯಲ್ಲಿರುವ ಮಗಳು ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಜೊತೆಯವರಿಗೆ, ನಮ್ಮವ್ವ ಕೆಲಸ ಮಾಡುವ ಜಾಗ ಎಷ್ಟು ಚಂದ ಇದೆ ನೋಡ್ರಿ ಎಂದು ತೋರಿಸಲು ಫೋನಿನಲ್ಲಿ ನಮ್ಮ ಪುಟ ತೆರೆದಿದ್ದಾಳೆ. ಫೋಟೋಗಳ ಕೆಳಗೆ ಆ ದೂರು, ಅದರ ಕೆಳಗೆ ನನ್ನ ಉತ್ತರ. ಜೊತೆಯವರೂ ಓದಿದ್ದಾರೆ.

“ಅದು ಆ್ಯಪಿನಾಗ ತಾನಾಗೇ ಬರತೈತಿ ಯಕ್ಕಾ,” ಎಂದೆ.

“ತಾನಾಗೇ ಬರತೈತೇನ್ರಿ? ನೀವು ಒತ್ತಲಿಲ್ಲೇನು?”

ನಾನು ಸೀದ ಒಗ್ಗರಣೆಯ ಬಾಣಲೆಯನ್ನು ಕೆಳಗಿಳಿಸಿದೆ.

“ಹೇಳಬ್ಯಾಡ ಅಂದ್ರಿ, ಬಿಟ್ಟೆ. ಹೇಳಲಿಲ್ಲಂತ ಬರದ್ರಿ,” ಎಂದಳು. ದನಿ ಏರಲಿಲ್ಲ. ಹೋಗಿ ಆ ದಿನದ ಕೆಲಸವನ್ನೆಲ್ಲ ಮುಗಿಸಿದಳು. ಹಾಸಿಗೆ ಹೊದಿಕೆ ಒಗೆದು ಒಣಹಾಕಿದಳು, ಒಣಗಿದ್ದನ್ನು ಮಡಿಸಿಟ್ಟಳು. ಮಧ್ಯಾಹ್ನ ಕೀಲಿ ಗೊಂಚಲು ತಂದು ಊಟದ ಮೇಜಿನ ಮೇಲೆ ಇಟ್ಟು, “ಬರತೀನ್ರಿ ಅಕ್ಕಾರ,” ಎಂದು ಹೋದಳು. ಮರುದಿನ ಬರಲಿಲ್ಲ. ತಮ್ಮನ ಮನೆಗೆ ಹೋಗಿ ವಿಚಾರಿಸಿದಾಗ ಕಂಪ್ಲಿಗೆ ಮಗಳ ಹತ್ತಿರ ಹೋಗಿದ್ದಾಳೆ ಎಂದರು.

ಆ ಶನಿವಾರ ಗಂಡ ಬಂದಾಗ ಎಲ್ಲ ಹೇಳಿದೆ. ಅವರು ಚಹಾ ಕುಡಿಯುತ್ತ ಕೇಳಿದರು.

“ನಮ್ಮ ವರ್ಕ್‌ಶಾಪಿನಾಗೂ ಹಂಗ. ಯಾರಿಗಾರ ಪೆಟ್ಟಾದ್ರ ಫಾರ್ಮಿನ ಮೊದಲ್ನೇ ಸಾಲಿನಾಗ ಆಪರೇಟರ್ ನಿರ್ಲಕ್ಷ್ಯ ಅಂತ ಬರೀತೀವಿ. ಕ್ರೇನಿನ ಮ್ಯಾಲಿನ ಗುಂಡಿ, ಕೆಳಗಿನ ಗುಂಡಿ ಎರಡೂ ಒಂದೇ ಬಣ್ಣ ಇದ್ರೂ ಹಂಗ ಬರೀತೀವಿ. ಅದು ಬರಿಯೋ ಪದ್ಧತಿ. ನೀ ತಲಿಗೆ ಹಚ್ಚಿಕೋಬ್ಯಾಡ.”

ನನ್ನನ್ನು ಸಮಾಧಾನ ಮಾಡಲೆಂದೇ ಅವರು ಹೇಳಿದ್ದು. ಅವರು ಹಾಗೆ ಎಷ್ಟು ಫಾರ್ಮಿಗೆ ಸಹಿ ಹಾಕಿರಬಹುದು ಎಂದು ಕೇಳಬೇಕೆನಿಸಿತು. ನನಗೆ ಕೇಳುವ ಯೋಗ್ಯತೆ ಇರಲಿಲ್ಲ.

ಯುಗಾದಿಯ ಅತಿಥಿಗಳನ್ನು ಒಬ್ಬಳೇ ಹೇಗೋ ನಿಭಾಯಿಸಿ, ಹಬ್ಬ ಮುಗಿದ ವಾರ ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ಕಾಲುವೆಯ ಪಕ್ಕದ ಓಣಿಯಲ್ಲಿ ಮಗಳ ಮನೆ. ಯಕ್ಕ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಬದಿಗಿಟ್ಟು ಎದ್ದು, “ಬರ್ರಿ ಅಕ್ಕಾರ, ಕುಂದ್ರಿ,” ಎಂದು ಚಾಪೆ ಹಾಸಿದಳು. ಮಗಳು ನೀರು ತಂದುಕೊಟ್ಟಳು. ಮುಖದಲ್ಲಿ ನಗೆ ಇರಲಿಲ್ಲ.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ ಮಾತುಗಳು ಆಗ ಒಂದೂ ಸಿಗಲಿಲ್ಲ.

“ತಪ್ಪಾತು ಯಕ್ಕಾ. ನಲ್ಲಿ ತಂದಾಕಿ ನಾನು, ಚುಕ್ಕಿ ಒರಸಿದಾಕಿ ನಾನು, ಬೋರ್ಡ್ ತಪ್ಪು ಹಾಕಿದಾಕಿ ನಾನು. ಹೆಸರು ನಿಂದು ಹಾಕಿದೆ.”

“ನೀರಿಂದು ಬಿಡ್ರಿ. ಅದು ಯಾರಿಗಾದ್ರೂ ಆಗತೈತಿ,” ಎಂದಳು ಯಕ್ಕ. “ದವಾಖಾನ್ಯಾಗ ಒಮ್ಮೆ ನನ್ನ ಕಡಿ ನೋಡಿ, ಏನಾತು ಯಕ್ಕಾ ಅಂತ ಕೇಳಿದ್ರ ಸಾಕಿತ್ತು. ಒದ್ದಿ ಸೀರಿ ಉಟಗೊಂಡು ನಿಂತಿದ್ದೆ ನಾ.”

ಮಗಳು ಬಾಗಿಲಿಗೆ ಒರಗಿ ಫೋನ್ ತೆರೆದು ನನ್ನ ಮುಂದೆ ಹಿಡಿದಳು. “ಅದು ಇನ್ನೂ ಐತಲ್ರಿ.”

ತಿದ್ದಲು ಬರುವುದಿಲ್ಲ ಎಂದು ವಿವರಿಸಿದೆ. ಅದು ಹೋಗಬೇಕಾದರೆ ನಮ್ಮ ಇಡೀ ಪುಟವನ್ನೇ ಅಳಿಸಬೇಕು, ಇಷ್ಟು ದಿನ ಜನ ಬರೆದ ಒಳ್ಳೆಯ ಮಾತುಗಳೂ ಹೋಗುತ್ತವೆ, ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂದೆ.

“ಮತ್ತ?” ಎಂದಳು ಮಗಳು.

ಫೋನನ್ನು ಇನ್ನೂ ನನ್ನ ಮುಂದೆ ಹಿಡಿದೇ ಇದ್ದಳು. ನನ್ನ ಮುಖವನ್ನೇ ನೋಡುತ್ತ ನಿಂತಳು. ಯಕ್ಕನೇ, “ಸುಮ್ನಿರವ್ವ, ಬಿಸಲಾಗ ಬಂದಾರ,” ಎಂದು ಒಳಗೆ ಹೋಗಿ ಚಹಾ ತಂದಳು. ಆ ಓಣಿಯ ಕೊನೆಯಲ್ಲಿ ಹುಡುಗಿಯರ ಹಾಸ್ಟೆಲ್ ಇದೆ, ಅದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದಳು. ವಾಪಸ್ಸು ಬಾ ಎಂದು ಕೇಳಲೇ ಹೋಗಿದ್ದ ನಾನು ಅದನ್ನು ಕೇಳದೆ ಎದ್ದೆ.

ಕಂಪ್ಲಿಯಿಂದ ಬಂದ ದಿನವೇ ಆ ಪುಟವನ್ನು ಅಳಿಸಿದೆ ಎಂದು ಬರೆಯಲು ಆಸೆ. ಅಳಿಸಲಿಲ್ಲ. ಮೇ ತಿಂಗಳ ರಜೆಗೆ ಕೋಣೆಗಳು ತುಂಬಿದ್ದವು. ಅದು ಮುಗಿಯಲಿ ಎಂದು ಕಾದೆ. ಆ ಎರಡು ತಿಂಗಳು ಕಂಪ್ಲಿಯ ಯಾರು ಬೇಕಾದರೂ ಅದನ್ನು ತೆರೆದು ಓದಬಹುದಾಗಿತ್ತು. ಪ್ರತಿ ಅತಿಥಿ ಬಂದಾಗಲೂ ಇವರು ಓದಿರುತ್ತಾರೆ ಎಂದು ನೆನಪಾಗುತ್ತಿತ್ತು. ಆದರೂ ಕಾದೆ.

ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಕೋಣೆಗಳೆಲ್ಲ ಖಾಲಿಯಾಗಿದ್ದಾಗ ಕೂತು ಅಳಿಸತೊಡಗಿದೆ. ಒಬ್ಬಳ ಮೇಲೆ ತಪ್ಪು ಹೊರಿಸುವುದಕ್ಕೆ ಒಂದು ಸಲ ಬೆರಳಿಟ್ಟರೆ ಸಾಕಾಗಿತ್ತು. ಹೊರಗೆ ಬರುವುದಕ್ಕೆ ಅರ್ಧ ದಿನ ಹಿಡಿಯಿತು. ಅಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕುವುದಕ್ಕೇ ಒಂದು ಗಂಟೆ. ಖಂಡಿತವೇ ಎಂದು ಕೇಳಿತು. ಒಂದು ತಿಂಗಳು ನಿಲ್ಲಿಸಿ ನೋಡುವಿರಾ ಎಂದಿತು. ಬಿಟ್ಟು ಹೋಗಲು ಕಾರಣ ತಿಳಿಸಿ ಎಂದು ಪಟ್ಟಿ ಕೊಟ್ಟಿತು. ಆ ಪಟ್ಟಿಯಲ್ಲೂ ನನ್ನ ಕಾರಣ ಇರಲಿಲ್ಲ. ‘ಇತರೆ’ ಎಂಬುದನ್ನು ಒತ್ತಿದೆ. ಎರಡು ಸಲ ಎಲ್ಲ ಮುಗಿದು ಮತ್ತೆ ಮೊದಲಿಗೇ ತಂದು ನಿಲ್ಲಿಸಿತು. ಅಷ್ಟರಲ್ಲಿ ಒಂದೆರಡು ಸಲ, ಬಿಡು, ಆಗದಿದ್ದರೆ ನಾನೇನು ಮಾಡಲಿ ಎಂಬ ಯೋಚನೆಯೂ ಬಂತು. ಸಂಜೆಯ ಹೊತ್ತಿಗೆ ಪುಟ ಹೋಯಿತು.

ಗದಗಿನ ಆ ಅಕ್ಕನಿಗೆ ಒಂದು ಕಾಗದ ಬರೆದು ಬೋರ್ಡಿನ ತಪ್ಪನ್ನೂ ಉತ್ತರದ ತಪ್ಪನ್ನೂ ಒಪ್ಪಿಕೊಂಡೆ. ಅವರಿಂದ ಫೋನು ಬಂತು. ತೋಳು ಮೇಲೆತ್ತಲು ಬರುತ್ತಿದೆ, ಕಲೆ ಉಳಿದಿದೆ ಎಂದರು. ಯಕ್ಕನ ನಂಬರು ಕೇಳಿ ಬರೆದುಕೊಂಡರು. ನನ್ನ ತಪ್ಪಿನ ಬಗ್ಗೆ ಏನೂ ಹೇಳಲಿಲ್ಲ.

ಆಮೇಲೆ ನಾನೂ ಯಕ್ಕನಿಗೆ ಫೋನ್ ಮಾಡಿದೆ. ಹಿಂದೆ ದೊಡ್ಡ ಪಾತ್ರೆಗಳ ಸದ್ದು, ಹುಡುಗಿಯರ ಗದ್ದಲ.

“ಅದನ್ನ ತಗದೆ ಯಕ್ಕಾ. ಈಗ ಯಾರಿಗೂ ಕಾಣಂಗಿಲ್ಲ.”

“ಹೌದ್ರಿ? ಆತು ಬಿಡ್ರಿ,” ಎಂದಳು. ಮಳೆ ಹೇಗೆ, ಗಂಡ ಹೇಗಿದ್ದಾರೆ ಎಂದು ವಿಚಾರಿಸಿದಳು. ಯಾರೋ ಆಕೆಯನ್ನು ಒಳಗಿನಿಂದ ಕರೆದರು. “ಸಾರಿಗೆ ಇಟ್ಟೀನ್ರಿ, ಹೋಗತೀನಿ. ಈ ಕಡಿ ಬಂದ್ರ ಬರ್ರಿ ಅಕ್ಕಾರ,” ಎಂದು ಫೋನ್ ಇಟ್ಟಳು.

ಬರ್ರಿ ಎಂಬುದು ನಮ್ಮ ಕಡೆ ಕರೆಯುವ ಮಾತೂ ಹೌದು, ಮಾತು ಮುಗಿಸುವಾಗ ಎಲ್ಲರಿಗೂ ಹೇಳುವ ಮಾತೂ ಹೌದು. ಆಕೆ ಯಾವ ಅರ್ಥದಲ್ಲಿ ಹೇಳಿದಳೋ ತಿಳಿಯಲಿಲ್ಲ. ಆಮೇಲೆ ಎರಡು ಸಲ ಬೇರೆ ಕೆಲಸಕ್ಕೆ ಕಂಪ್ಲಿಗೆ ಹೋಗಿದ್ದೇನೆ. ಎರಡು ಸಲವೂ ಕೆಲಸ ಮುಗಿಸಿ, ಆ ಓಣಿಯ ಕಡೆ ಹೋಗದೆ, ಬಸ್‌ಸ್ಟ್ಯಾಂಡಿಗೆ ನಡೆದು ವಾಪಸ್ಸು ಬಂದೆ.